ಎಬ್ಬಿಸಿದವರ ಸಂಖ್ಯೆ ಸೊನ್ನೆ

"ಏಯ್, ನಿನ್ನ ಮಿಕ್ಸಿ ಎದ್ದಿದೆ ನೋಡೋ."

ರಾತ್ರಿ ಎರಡು ಗಂಟೆಗೆ ಅಮ್ಮ ಹಾಲ್‌ನಿಂದ ಹೀಗೆ ಕೂಗಿದರೆ ನಮ್ಮ ಮನೆಯಲ್ಲಿ ಈಗ ಯಾರೂ ಗಾಬರಿಯಾಗುವುದಿಲ್ಲ. ಹೆಂಡತಿ ಮಗ್ಗುಲು ಬದಲಿಸಿ "ರೀ, ನಿಮಗೇ" ಅನ್ನುತ್ತಾಳೆ. ನಾನು ಕನ್ನಡಕ ಹುಡುಕಿಕೊಂಡು ಏಳುತ್ತೇನೆ. ಮಿಕ್ಸಿ ಅಂದರೆ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್. ಹತ್ತೂವರೆಗೆ ನಾನೇ ಕೈಯಾರೆ ಸ್ಲೀಪ್‌ಗೆ ಹಾಕಿ ಮಲಗಿರುತ್ತೇನೆ. ಎರಡಕ್ಕೆ ಅದು ತಾನಾಗಿಯೇ ಎದ್ದು, ಒಣಕೊಬ್ಬರಿ ಹಾಕಿದ ಮಿಕ್ಸಿಯ ಹಾಗೆ ಶಬ್ದ ಮಾಡುತ್ತಾ, ಕತ್ತಲಲ್ಲಿ ಕೂತಿರುತ್ತದೆ. ಕೆಲಸವೇನಾದರೂ ಮಾಡುತ್ತಿದೆಯಾ ಅಂದರೆ ಅದೂ ಇಲ್ಲ. ಸುಮ್ನೆ ಎದ್ದಿದೆ, ಅಷ್ಟೆ.

ರಾತ್ರಿ ಪೂರ್ತಿ ಶಟ್‌ಡೌನ್ ಮಾಡಬಾರದಾ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. 2015ರಲ್ಲಿ ಕೊಂಡ ಯಂತ್ರ ಇದು, ಒಳಗೆ ತಿರುಗುವ ಹಳೇ ಹಾರ್ಡ್‌ಡಿಸ್ಕ್ ಇದೆ. ಬೆಳಿಗ್ಗೆ ಸ್ವಿಚ್ ಒತ್ತಿ, ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದಿನ್ನೂ "ಸುಸ್ವಾಗತ" ಅನ್ನುತ್ತಲೇ ಇರುತ್ತದೆ. ಸ್ಲೀಪ್ ಇರುವುದೇ ಇಂಥವರಿಗಾಗಿ. ಮೆಮೊರಿಗೆ ಮಾತ್ರ ಚೂರು ಕರೆಂಟು ಹರಿಯುತ್ತಿರುತ್ತದೆ, ಫ್ಯಾನು, ಡಿಸ್ಕು ಎಲ್ಲ ನಿಂತಿರುತ್ತವೆ. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಸಾರು ಬಿಟ್ಟ ಹಾಗೆ. ಬೆಳಿಗ್ಗೆ ಮೌಸ್ ಅಲ್ಲಾಡಿಸಿದರೆ ಸಾಕು, ನಿನ್ನೆ ಬಿಟ್ಟಲ್ಲಿಂದಲೇ ಶುರು. ನನ್ನ ಸಾರು ಮಾತ್ರ ನಡುರಾತ್ರಿ ಉಕ್ಕುತ್ತಿತ್ತು.

ಮೊದಲು ನಮ್ಮ ಏರಿಯಾದ ಕಂಪ್ಯೂಟರ್ ಹುಡುಗನನ್ನು ಕರೆದೆ. ಅವನು ಚಪ್ಪಲಿ ಬಿಡುವ ಮೊದಲೇ "ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್" ಅಂದ. ಹೋದ ವರ್ಷ ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡಾಗಲೂ ಅವನು ಇದನ್ನೇ ಹೇಳಿದ್ದ. ಕಾಫಿ ಕೊಟ್ಟು ಕಳಿಸಿದೆ.

ಆಮೇಲೆ ನಾನೇ ಇಳಿದೆ. ವಿಂಡೋಸ್‌ನಲ್ಲಿ ಕಪ್ಪು ಪರದೆ ತೆರೆದು ಕಮಾಂಡ್ ಕೊಡುವ ಜಾಗವಿದೆಯಲ್ಲ, ಅಲ್ಲಿ "ಪವರ್‌ಸಿಎಫ್‌ಜಿ ಲಾಸ್ಟ್‌ವೇಕ್" ಅಂತ ಕೊಟ್ಟರೆ ಕೊನೆಯ ಸಲ ಕಂಪ್ಯೂಟರನ್ನು ಎಬ್ಬಿಸಿದ್ದು ಯಾರು ಅಂತ ಅದೇ ಬಾಯಿ ಬಿಡುತ್ತದೆ. ನನಗೆ ಬಂದ ಉತ್ತರವನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು. ಎದ್ದ ಇತಿಹಾಸ: ಒಂದು. ಎಬ್ಬಿಸಿದವರ ಸಂಖ್ಯೆ: ಸೊನ್ನೆ.

ಚಿಕ್ಕವನಿದ್ದಾಗ ಕೋಡುಬಳೆ ಡಬ್ಬಿ ಅರ್ಧ ಖಾಲಿಯಾದ ದಿನ ನಾನೂ ಇದೇ ಉತ್ತರ ಕೊಟ್ಟಿದ್ದೆ. ಬೆನ್ನಿಗೆ ಬಿದ್ದಿತ್ತು. ಕಂಪ್ಯೂಟರಿಗೆ ಹೊಡೆಯುವ ಹಾಗಿಲ್ಲ.

ಇನ್ನಷ್ಟು ಕೆದಕಿದೆ. ವಿಂಡೋಸ್ 10ರಲ್ಲಿ ತಾನೇ ತನ್ನ ಆರೈಕೆ ಮಾಡಿಕೊಳ್ಳುವ ಒಂದು ಏರ್ಪಾಡಿದೆ. ನಾವಾಗಿ ಬದಲಿಸದಿದ್ದರೆ ಅದರ ಮುಹೂರ್ತ ರಾತ್ರಿ ಎರಡು ಗಂಟೆ. ಆ ಹೊತ್ತಿಗೆ ಮಲಗಿದ ಯಂತ್ರವನ್ನು ಎಬ್ಬಿಸಬಹುದು ಅನ್ನುವ ಕಡೆ ಟಿಕ್ ಬೇರೆ ಇತ್ತು. ಟಿಕ್ ತೆಗೆದೆ. ಪವರ್ ಆಪ್ಷನ್ಸ್‌ಗೆ ಹೋಗಿ, ಹೊತ್ತು ನೋಡಿ ಯಂತ್ರವನ್ನು ಎಬ್ಬಿಸುವ ವೇಕ್ ಟೈಮರ್‌ಗಳನ್ನೆಲ್ಲ ನಿಲ್ಲಿಸಿದೆ. ಕಂಪ್ಯೂಟರನ್ನು ಎಬ್ಬಿಸುವ ಹಕ್ಕು ಯಾರ‍್ಯಾರಿಗಿದೆ ಅಂತ ಪಟ್ಟಿ ಕೇಳಿದೆ. ಮೂರು ಹೆಸರು ಬಂದವು: ಕೀಬೋರ್ಡ್, ಮೌಸ್, ನೆಟ್‌ವರ್ಕ್ ಕಾರ್ಡ್. ಕೊನೆಯವನಿಗೆ ಯಾಕೆ ಅಂದರೆ, ಆಫೀಸುಗಳಲ್ಲಿ ದೂರದಿಂದಲೇ ಕೇಬಲ್ ಮೂಲಕ ಸಂದೇಶ ಕಳಿಸಿ ಯಂತ್ರ ಎಬ್ಬಿಸುವ ಪದ್ಧತಿ ಇದೆ. ನಮ್ಮ ಮನೆಯಲ್ಲಿ ದೂರದಿಂದ ಎಬ್ಬಿಸುವುದಕ್ಕೆ ಅಮ್ಮ ಇದ್ದಾರೆ. ಅವನ ಹಕ್ಕು ಕಿತ್ತುಕೊಂಡೆ. ಕೀಬೋರ್ಡು, ಮೌಸು ಪಾಪ, ಇರಲಿ ಅಂತ ಬಿಟ್ಟೆ.

ಆ ರಾತ್ರಿ ಎರಡಕ್ಕೆ ಏಳಲಿಲ್ಲ. ಎರಡೂ ಐವತ್ತಕ್ಕೆ ಎದ್ದಿತು. ಮಲಗಿಸಿ ಬಂದೆ. ನಾಲ್ಕೂ ಹತ್ತಕ್ಕೆ ಮತ್ತೆ.

ಎಬ್ಬಿಸುವವರು ಯಾರಾದರೂ ಆಗಲಿ, ಕೊನೇ ಪಕ್ಷ ಶಬ್ದವಾದರೂ ನಿಲ್ಲಲಿ ಅಂತ ಶನಿವಾರ ಹಸಿರು ಮಾರ್ಗದ ಮೆಟ್ರೊ ಹತ್ತಿ, ಕೆ.ಆರ್. ಮಾರುಕಟ್ಟೆಯಲ್ಲಿಳಿದು, ಎಸ್.ಪಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಯಾವ ಸ್ಪೇರ್ ಕಳೆದುಕೊಂಡರೂ ಹೋಗುವ ಜಾಗ ಅದೇ ತಾನೆ. ಫ್ಯಾನ್ ಬೇಕು ಅಂದೆ. ಅಂಗಡಿಯವರು "ಎಂಬತ್ತಾ, ತೊಂಬತ್ತೆರಡಾ, ನೂರಿಪ್ಪತ್ತಾ?" ಅಂದರು. ಮಿಲಿಮೀಟರಿನ ಲೆಕ್ಕ. ನಾನು ಅಳೆದುಕೊಂಡು ಹೋಗಿರಲಿಲ್ಲ. ಎರಡೂ ಕೈ ಅಗಲಿಸಿ, ಹೆಂಡತಿಯ ಬಳೆ ಅಳತೆ ಗೊತ್ತಿಲ್ಲದವನ ಹಾಗೆ, "ಇಷ್ಟು" ಅಂತ ತೋರಿಸಿದೆ. ಅವರು ನಗಲಿಲ್ಲ, ದೊಡ್ಡ ಮನಸ್ಸು. "ಸಾರ್, ಎಷ್ಟು ವರ್ಷ ಆಯ್ತು ಬಿಚ್ಚಿ?" ಅಂದರು. ಬಿಚ್ಚಿಯೇ ಇಲ್ಲ ಅಂದೆ. "ಮೊದಲು ಧೂಳು ತೆಗೀರಿ. ಫ್ಯಾನ್ ಆಮೇಲೆ ನೋಡೋಣ." ವ್ಯಾಪಾರಕ್ಕೆ ಕೂತವರು ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ್ದು ನನಗೆ ಎಷ್ಟು ಹಿಡಿಸಿತು ಅಂದರೆ, ಬೇಕೋ ಬೇಡವೋ ಒಂದು ಟ್ಯೂಬು ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರಿನ ಬಿಸಿ ಸರಾಗವಾಗಿ ದಾಟಲಿ ಅಂತ ಅದರ ಮೇಲೆ ಹಚ್ಚುವ ಪೇಸ್ಟ್, ಕೊಂಡುಕೊಂಡೆ.

ಭಾನುವಾರ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ ಡಬ್ಬಿ ಬಿಚ್ಚಿದೆ. ಪ್ರತಿ ಆಯುಧಪೂಜೆಗೂ ಹೊರಗಡೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕೂತಿದ್ದ ಯಂತ್ರ. ಒಳಗೆ ನೋಡಿದರೆ ಬೇರೆಯೇ ಕಥೆ. ಪ್ರೊಸೆಸರ್ ಮೇಲೆ ಅಲ್ಯೂಮಿನಿಯಂ ಹಲ್ಲುಗಳ ಒಂದು ಗಟ್ಟಿ ಇರುತ್ತದೆ, ಬಿಸಿಯನ್ನು ಹೀರಿಕೊಳ್ಳುವುದು ಅದೇ. ಅದರ ಮೇಲಿನ ಫ್ಯಾನು ಆ ಬಿಸಿಯನ್ನು ಊದಿ ಓಡಿಸಬೇಕು. ಫ್ಯಾನಿಗೂ ಹಲ್ಲಿಗೂ ಮಧ್ಯೆ ಬೂದು ಬಣ್ಣದ ಒಂದು ಪುಟ್ಟ ಕಂಬಳಿ ಬೆಳೆದಿತ್ತು. ಧೂಳು, ಕೂದಲು, ಊದುಬತ್ತಿ ಬೂದಿ ಸೇರಿ ತಾನೇ ನೇಯ್ದುಕೊಂಡ ಕಂಬಳಿ. ಉಗುರಿನಲ್ಲಿ ಎತ್ತಿದರೆ ಇಡಿಯಾಗಿ ಕೈಗೆ ಬಂತು, ನಾಲ್ಕು ಮೂಲೆಯೂ ಸರಿಯಾಗಿತ್ತು. ಗಾಳಿ ಒಳಗೆ ಇಳಿಯದು, ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಫ್ಯಾನು ಜೋರಾಗಿ ತಿರುಗುತ್ತದೆ. ಮಿಕ್ಸಿಯ ರಹಸ್ಯ ಇಷ್ಟೇ. ಪೇಂಟ್ ಬ್ರಷ್ಷಿನಲ್ಲಿ ಗುಡಿಸಿ, ಒಣಗಿ ಸುಣ್ಣದಂತಾಗಿದ್ದ ಹಳೇ ಪೇಸ್ಟ್ ಕೆರೆದು, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿ ಮುಚ್ಚಿದೆ.

ಹಗಲೆಲ್ಲ ತಣ್ಣಗೆ, ಸದ್ದಿಲ್ಲದೆ ಇತ್ತು. ರಾತ್ರಿ ಮೂರಕ್ಕೆ ಎದ್ದು ಮತ್ತೆ ಕೊಬ್ಬರಿ ರುಬ್ಬಿತು.

ಇಲ್ಲಿ ಅಮ್ಮನ ಕವರ್‌ಗಳ ಬಗ್ಗೆ ಹೇಳಲೇಬೇಕು.

ನಮ್ಮ ಅಮ್ಮನಿಗೆ ಬತ್ತಲೆ ನಿಂತ ವಸ್ತು ಕಂಡರೆ ಆಗದು. ಟಿವಿಗೆ ಕವರ್, ರಿಮೋಟಿಗೆ ಕವರ್, ಹೊಲಿಗೆ ಯಂತ್ರಕ್ಕೆ ಅದರಲ್ಲೇ ಹೊಲಿದ ಕವರ್. ನಿಜವಾದ ಮಿಕ್ಸಿಗೆ ಒಂದು, ಗ್ರೈಂಡರಿಗೆ ನೆರಿಗೆ ಇಟ್ಟದ್ದು ಒಂದು. ಫ್ರಿಜ್ಜಿನ ಹಿಡಿಗೆ ಕೈಚೀಲದಂಥದ್ದು. ಗ್ಯಾಸ್ ಸಿಲಿಂಡರಿಗೆ ಲಂಗ. ವಾಷಿಂಗ್ ಮೆಷಿನ್ನಿಗೆ ಜಿಪ್ ಇರುವುದು, ಮಳೆಗಾಲಕ್ಕೆ ಬೇರೆ. ಮೊಬೈಲ್ ಕೊಡಿಸಿದಾಗ ಅದರ ಜೊತೆ ಬಂದ ಕವರಿಗೂ ಒಂದು ಕವರ್ ಹೊಲಿದರು. ಫೋನ್ ಬಂದರೆ ಎರಡೂ ಬಿಚ್ಚಿ ತೆಗೆಯುವಷ್ಟರಲ್ಲಿ ಕಟ್ಟಾಗಿರುತ್ತದೆ, ಆಮೇಲೆ "ಯಾರೋ ಏನೋ, ಮಾತಾಡೋಕೆ ಪುರುಸೊತ್ತಿಲ್ಲ ಅವರಿಗೆ" ಅಂತ ಕರೆದವರ ಮೇಲೇ ಬೇಜಾರು. ಕವರುಗಳನ್ನು ಒಗೆಯುವುದಕ್ಕೆ ತಿಂಗಳಿಗೊಂದು ಭಾನುವಾರ ಇದೆ. ಅವತ್ತು ನಮ್ಮ ಮನೆಯ ತಂತಿ ನೋಡಿದವರು ಒಳಗೆ ನಾಮಕರಣ ಇದೆ ಅಂದುಕೊಳ್ಳಬೇಕು, ಅಷ್ಟು ಪುಟ್ಟ ಪುಟ್ಟ ಬಟ್ಟೆ ಒಣಗುತ್ತಿರುತ್ತವೆ.

ಕಂಪ್ಯೂಟರಿಗೆ ಮೂರು. ಮಾನಿಟರಿಗೆ ಒಂದು, ಡಬ್ಬಿಗೆ ಒಂದು, ಕೀಬೋರ್ಡಿಗೆ ಉದ್ದನೆಯದು. ಎಲ್ಲ ಒಂದೇ ಹಳೇ ವಾಯಿಲ್ ಸೀರೆಯವು, ನೀಲಿ ಮೇಲೆ ಬಿಳಿ ಹೂ. ನಾನು ಸ್ಲೀಪ್‌ಗೆ ಹಾಕಿ ಎದ್ದ ಮೇಲೆ ಅಮ್ಮ ಬಂದು ಒಂದೊಂದಾಗಿ ಹೊದಿಸಿ, ಡಬ್ಬಿಯ ಕವರಿನ ಲಾಡಿಯನ್ನು ಹಿಂದೆ ಗಂಟು ಹಾಕಿ, ದೀಪ ಆರಿಸುತ್ತಾರೆ. ಲಾಡಿಯ ಗಂಟು ಬೀಳುವುದು ಸರಿಯಾಗಿ ಬಿಸಿ ಗಾಳಿ ಹೊರಗೆ ಬರುವ ಜಾಗದಲ್ಲಿ. ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಒಂದು ದಿನವೂ ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

ಶಬ್ದದ ಲೆಕ್ಕ ತೀರಿತು. ಎಬ್ಬಿಸುತ್ತಿದ್ದವರು ಯಾರು?

ಮರುದಿನ ರಾತ್ರಿ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕತ್ತಲಲ್ಲಿ ಕೂತೆ. ಏಪ್ರಿಲ್ ಸೆಕೆ. ಅಮ್ಮ ದಿವಾನದ ಮೇಲೆ ಮಲಗಿದ್ದರು. ಮೇಲೆ ಸೀಲಿಂಗ್ ಫ್ಯಾನು, ಅದರ ರೆಗ್ಯುಲೇಟರ್ ಕೆಟ್ಟು ಐದರಲ್ಲೇ ನಿಂತು ವರ್ಷವಾಗಿದೆ. ಹೆಂಡತಿ ನೀರಿಗೆ ಎದ್ದವಳು ನನ್ನನ್ನು ಕಂಡು ಕಿರುಚುವುದರಲ್ಲಿದ್ದಳು. ಸೊಳ್ಳೆ ಕಚ್ಚಿದರೂ ಹೊಡೆಯದೆ ಕೂತೆ, ಸದ್ದಾಗಬಾರದಲ್ಲ.

ಎರಡೂ ಮುಕ್ಕಾಲಿಗೆ ಕಂಡಿತು. ಕೀಬೋರ್ಡಿನ ಕವರು ಉದ್ದ ಅಂದೆನಲ್ಲ, ಅದರ ಒಂದು ತುದಿ ಮೇಜಿನಿಂದ ಕೆಳಗೆ ಜೋತಾಡುತ್ತದೆ. ಹೊದಿಸಿದ ಮೇಲೆ ಬಟ್ಟೆ ಹಾರದಿರಲಿ ಅಂತ ಅಮ್ಮ ಅದರ ಮೇಲೆ ಮೌಸ್ ಇಡುತ್ತಾರೆ. ಪೇಪರ್‌ವೇಟ್. ಕಂಪ್ಯೂಟರ್ ಮಲಗಿದ್ದರೂ ಮೌಸಿನ ಹೊಟ್ಟೆಯ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ತನ್ನ ಕೆಳಗಿನ ನೆಲ ಸರಿಯಿತಾ ಅಂತ ಅದು ನೋಡುತ್ತಾ ಇರುತ್ತದೆ. ಫ್ಯಾನಿನ ಗಾಳಿಗೆ ಜೋತಾಡುವ ತುದಿ ಒಮ್ಮೆ ಎದ್ದು ಬಿತ್ತು. ಮೌಸ್ ಇದ್ದಲ್ಲೇ ಇತ್ತು. ಅದರ ಕೆಳಗೆ ಒಂದು ಬಿಳಿ ಹೂವು ಅರ್ಧ ಬೆರಳಿನಷ್ಟು ಸರಿಯಿತು. ತಾನು ಓಡಿದೆನೋ ನೆಲ ಓಡಿತೋ ಮೌಸಿಗೇನು ಗೊತ್ತು? ಡಬ್ಬಿ "ಗುರ್" ಅಂತು. ನೀಲಿ ಸೀರೆಯ ಒಳಗೆ ಮಾನಿಟರ್ ಹೊತ್ತಿಕೊಂಡು, ಹಾಲ್ ಪೂರ್ತಿ ಹೂವಿನ ನೆರಳು.

"ಏಯ್, ನಿನ್ನ ಮಿಕ್ಸಿ..."

"ಇಲ್ಲೇ ಇದ್ದೀನಮ್ಮ."

ಬೆಳಿಗ್ಗೆ ಮೌಸಿನ ಟಿಕ್ ತೆಗೆದೆ. ಅರ್ಧ ಗಂಟೆಗೆ ಅಮ್ಮ ದೇವರನಾಮ ಕೇಳುವುದಕ್ಕೆ ಬಂದು, ಎಂದಿನಂತೆ ಮೌಸ್ ಅಲ್ಲಾಡಿಸಿ, "ಏನು ಕೆಡಿಸಿಟ್ಟೆಯೋ" ಅಂದರು. ಕೀಬೋರ್ಡ್ ಒತ್ತಬೇಕು ಅಂದೆ. "ಯಾವುದನ್ನ? ನೂರು ಇವೆ" ಅಂದರು. ಟಿಕ್ ವಾಪಸ್ ಹಾಕಿದೆ. ಕವರೇ ಬೇಡ ಅಂತ ಹೇಳುವುದಕ್ಕೆ ಬಾಯಿ ತೆರೆದೆ, ಅಷ್ಟರಲ್ಲಿ ಅವರು ಬೀರು ತೆಗೆದು ಬಟ್ಟೆ ಹುಡುಕುತ್ತಿದ್ದರು. ಕೆಳಗಿನ ಅರೆಯಲ್ಲಿ, ನುಸಿ ಗುಳಿಗೆಯ ವಾಸನೆಯಲ್ಲಿ, ಖಾಕಿ ಬಣ್ಣದ ಒಂದು ಚೀಲ ಮಡಿಸಿಟ್ಟಿದ್ದು ಕಂಡಿತು. ಮುಂದೆ ಗುಂಡನೆಯ ಎರಡು ತೂತು. ಅಪ್ಪನ ಟ್ರಾನ್ಸಿಸ್ಟರಿನ ಕವರ್. ತೂತು ತಿರುಪುಗಳಿಗೆ. ರೇಡಿಯೊ ಹೋಗಿ ಇಪ್ಪತ್ತು ವರ್ಷವಾಗಿದೆ, ಅಪ್ಪ ಹೋಗಿ ಹದಿನೆಂಟು. ಇಸ್ತ್ರಿ ಇನ್ನೂ ಮಾಸಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಸಂಜೆಗೆ ಹೊಸ ಕವರ್ ತಯಾರು. ಡಬ್ಬಿಗೆ ಹಿಂದೆ ಸೊಳ್ಳೆಪರದೆ ಬಟ್ಟೆಯ ಕಿಟಕಿ, ಲಾಡಿ ಪಕ್ಕಕ್ಕೆ. ಕೀಬೋರ್ಡಿನದು ಮೇಜಿನ ಅಳತೆಗೆ ಸರಿಯಾಗಿ ಕತ್ತರಿಸಿದ್ದು. ಮೌಸಿಗೆ ಬೇರೆಯೇ ಒಂದು ಪುಟ್ಟ ಚೀಲ, ಬಾಲ ಹೊರಗೆ ಬರುವುದಕ್ಕೆ ಕಾಜಾ. ಚೀಲದೊಳಗೆ ಮೌಸ್ ಇಟ್ಟರೆ ಕೆಂಪು ದೀಪ ಬಟ್ಟೆಯ ಮೂಲಕ ಸಣ್ಣಗೆ ಕಾಣುತ್ತದೆ, ಹೊದ್ದುಕೊಂಡು ಬೀಡಿ ಸೇದುತ್ತಿರುವವರ ಹಾಗೆ.

ನಾಲ್ಕು ರಾತ್ರಿಯಿಂದ ಎದ್ದಿಲ್ಲ. ನಿನ್ನೆ ಎರಡು ಗಂಟೆಗೆ ನಾನು ಹಾಲ್‌ಗೆ ಬಂದು ನೋಡಿದೆ. ಎಲ್ಲ ನಿಶ್ಶಬ್ದ. ಕಿವಿ ಇಟ್ಟೂ ಕೇಳಿದೆ.

"ಎದ್ದುಬಿಡ್ತೇನೋ?" ದಿವಾನದಿಂದ ಅಮ್ಮ.

"ಇಲ್ಲಮ್ಮ. ಮಲಗಿದೆ."

"ಮತ್ತೆ ನಿನ್ನನ್ನ ಯಾರೋ ಎಬ್ಬಿಸಿದ್ದು?"