ಫೋನ್ ಮಾಡಿದರೆ ಮಗು ಸಿಗುವುದಿಲ್ಲ

‘ಅಪಘಾತದಲ್ಲಿ ತಂದೆ ತಾಯಿ ತೀರಿಕೊಂಡಿದ್ದಾರೆ. ಎರಡು ವರ್ಷದ ಹೆಣ್ಣು, ಎರಡು ತಿಂಗಳ ಗಂಡು. ದತ್ತು ಬೇಕಾದವರು ಈ ನಂಬರಿಗೆ ಕರೆ ಮಾಡಿ.’ 2021ರಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿಗೆ, ಇಂಥ ಮೆಸೇಜುಗಳು ವಾಟ್ಸಾಪ್ ತುಂಬಾ ಓಡಾಡಿದವು. ಓದಿದರೆ ಕರುಳು ಚುರ್ ಅನ್ನುತ್ತದೆ, ಅಲ್ವಾ?

ಆದರೆ ಅನಾಥ ಮಗುವನ್ನು ಹೀಗೆ ಕೈಯಿಂದ ಕೈಗೆ ಕೊಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 80ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಸರಿಯಾದ ದಾರಿ ಅಂದರೆ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೇ ಬಂದು ನೋಡುತ್ತಾರೆ. ಸರದಿಗೆ ವರ್ಷಗಟ್ಟಲೆ ಕಾಯಬೇಕು. ಸುಮ್ನೆ ಹೇಳುತ್ತಿಲ್ಲ, ನಾವೂ ಕಾದವರೇ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ.

ನಮ್ಮನೆಗೆ ಬಂದ ಮೇಡಂ ಹಿತ್ತಲಿಗೂ ಹೋದರು. ಕೋಳಿಗೂಡು, ಬಸಳೆ ಚಪ್ಪರ ನೋಡಿ ನಕ್ಕರು. ಬಾವಿಕಟ್ಟೆ ತಗ್ಗಾಯಿತು, ಮೇಲೆ ಬಲೆ ಹಾಕಿಸಿ ಅಂದರು. ಹಾಕಿಸಿದೆವು. ಈಗ ಅದರ ಪಕ್ಕದಲ್ಲೇ ಮಗಳು ಬೆಚ್ಚಗಿನ ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನಡೆಯುತ್ತಾಳೆ. ತಮ್ಮ ಬೇಕೆಂದೇ ಅಡ್ಡ ಬರುತ್ತಾನೆ.

ನಿಜವಾಗಲೂ ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಗ್ರೂಪಿಗೆ ಹಾಕಬೇಡಿ.