ನಮ್ಮ ಕಾರಿನ ಎರಡು ಬಣ್ಣದ ಚಕ್ರಗಳು

ನಮ್ಮ ಕಾರಿನ ಮುಂದಿನ ಚಕ್ರಗಳ ಬಣ್ಣ ಬೂದು ಎಂದು ನಾನು ಹೆಚ್ಚುಕಡಿಮೆ ಒಂದೂವರೆ ವರ್ಷ ನಂಬಿದ್ದೆ. ಹಿಂದಿನವು ಬೆಳ್ಳಿ ಬಣ್ಣ. ಡಿಸೈನೇ ಹಾಗಿರಬೇಕು ಅಂದುಕೊಂಡಿದ್ದೆ. ಹರಿದ ಪ್ಯಾಂಟಿಗೇ ಜಾಸ್ತಿ ದುಡ್ಡು ಕೊಡುವ ಕಾಲ ಇದು, ಚಕ್ರಕ್ಕೆ ಎರಡು ಬಣ್ಣ ಇದ್ದರೆ ಏನು ತಪ್ಪು? ಅಷ್ಟಕ್ಕೇ ನಿಲ್ಲದೆ, ಆ ಬೂದು ಬಣ್ಣಕ್ಕೆ ಹೊಂದುವ ಸೀಟ್ ಕವರ್ ಕೂಡ ಹಾಕಿಸಿದ್ದೆ. ಅಂಗಡಿಯವನು ನಾಲ್ಕೈದು ಬಗೆಯ ಬೂದು ತೋರಿಸಿದಾಗ ಅವನನ್ನು ಹೊರಗೆ ಕರೆದು, ಮುಂದಿನ ಚಕ್ರ ತೋರಿಸಿ, "ಇದೇ ಶೇಡ್ ಬೇಕು" ಅಂದೆ. ಅವನು ಚಕ್ರ ನೋಡಿದ, ನನ್ನ ಮುಖ ನೋಡಿದ, ಮಾತಾಡದೆ ಒಳಗೆ ಹೋಗಿ ಬಟ್ಟೆ ಕತ್ತರಿಸಿದ. ವ್ಯಾಪಾರ ಅಂದರೆ ಅದು.

ಗುಟ್ಟು ಬಯಲಾಗಿದ್ದು ಪಂಕ್ಚರ್ ಅಂಗಡಿಯಲ್ಲಿ. ಮೈಸೂರಿನ ರಿಂಗ್ ರೋಡಿನಲ್ಲಿ ಮುಂದಿನ ಎಡಗಡೆ ಟೈರು ಕೂತುಬಿಟ್ಟಿತು. ಅಂಗಡಿಯ ಹುಡುಗ ಚಕ್ರ ಬಿಚ್ಚಿ, ಗಾಳಿ ಎಲ್ಲಿ ಹೋಗುತ್ತಿದೆ ಅಂತ ನೋಡಲು ವಾಲ್ವಿನ ಹತ್ತಿರ ಸೋಪು ನೀರು ಹಚ್ಚಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿದ. ಅಲ್ಲಿ ಒಂದು ಬೆಳ್ಳಿ ಗೆರೆ ಮೂಡಿತು. "ಅಯ್ಯೋ, ಪೇಂಟ್ ಕಿತ್ತುಬಿಟ್ಯಲ್ಲೋ!" ಅಂತ ನಾನು ಕೂಗಿದೆ.

"ಪೇಂಟಲ್ಲ ಅಕ್ಕ," ಅಂತ ಹುಡುಗ ತನ್ನ ಹೆಬ್ಬೆರಳು ತೋರಿಸಿದ. ಕಾಡಿಗೆ ಡಬ್ಬಿಯಲ್ಲಿ ಅದ್ದಿದ ಹಾಗಿತ್ತು. "ಬ್ರೇಕ್ ಧೂಳು. ನೀವು ಇದನ್ನ ತೊಳೆಯೋದೇ ಇಲ್ವಾ?"

ವಾರಕ್ಕೊಂದು ಸಲ ಪೈಪು ಹಿಡಿದು ತೊಳೆಯುತ್ತೇನೆ ಅಂತ ನಾನು ಹೇಳಬಹುದಿತ್ತು. ನಿಜವೂ ಹೌದು. ಆದರೆ ಆ ಹೆಬ್ಬೆರಳಿನ ಮುಂದೆ ಬಾಯಿ ಬರಲಿಲ್ಲ.

ಮನೆಗೆ ಬಂದವಳೇ ಬೆಂಗಳೂರಿನ ತಮ್ಮನಿಗೆ ಫೋನ್ ಮಾಡಿದೆ. ಕಾರು ಅವನದು. 2024ರ ಬೇಸಿಗೆಯಲ್ಲಿ ಅವನಿಂದ ಕೊಂಡಿದ್ದು. "ಅಕ್ಕ, ಆಗ ನೀರು ಎಲ್ಲಿತ್ತು?" ಅಂದ. ಮಾತಿನಲ್ಲಿ ಸತ್ಯ ಇತ್ತು. ಆ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಅದಕ್ಕಿಂತ ಮುಂಚಿನ ಎರಡು ವರ್ಷ ಯಾಕೆ ತೊಳೆಯಲಿಲ್ಲ ಅಂದರೆ ಸಿಗ್ನಲ್ ಸರಿ ಇಲ್ಲ, ಕೇಳಿಸ್ತಿಲ್ಲ ಅಂದ. ಕಟ್ ಮಾಡುವ ಮುಂಚೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು: "ದಿನಾ ಸಿಲ್ಕ್ ಬೋರ್ಡ್ ದಾಟಿದ ಕಾರು ಅದು. ಚಕ್ರ ಉಳಿದಿರೋದೇ ಪುಣ್ಯ."

ನಮ್ಮ ಯಜಮಾನರು ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು. ಕೇಳಿದ್ದಕ್ಕೆ ಒಂದು ಸಾಲಿನ ಉತ್ತರ ಕೊಟ್ಟ ದಾಖಲೆ ಅವರಿಗಿಲ್ಲ. ಕಾಫಿ ಲೋಟ ಕೆಳಗಿಟ್ಟು ಶುರು ಮಾಡಿದರು. ಚಕ್ರದ ಹಿಂದೆ ಎರಕದ ಕಬ್ಬಿಣದ ಡಿಸ್ಕ್ ಇರುತ್ತದೆ. ಬ್ರೇಕ್ ಒತ್ತಿದಾಗ ಎರಡು ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತವೆ. ಗಂಧದ ಕಲ್ಲಿನ ಮೇಲೆ ಕೊರಡು ತೇಯ್ದ ಹಾಗೆ ಡಿಸ್ಕೂ ಸವೆಯುತ್ತದೆ, ಪ್ಯಾಡೂ ಸವೆಯುತ್ತದೆ. ಆ ಕಬ್ಬಿಣದ ಪುಡಿ ಬಿಸಿಬಿಸಿಯಾಗಿ ಹಾರಿ ಅಲಾಯ್ ಚಕ್ರದ ಮೇಲಿನ ಲ್ಯಾಕರಿಗೆ, ಅಂದರೆ ಬಣ್ಣದ ಮೇಲೆ ಬಳಿದ ಪಾರದರ್ಶಕ ಲೇಪಕ್ಕೆ, ಅಂಟುತ್ತದೆ. ಮೇಲೆ ಇಬ್ಬನಿಯೋ ಮಳೆಯೋ ಬಿದ್ದರೆ ಅಲ್ಲೇ ತುಕ್ಕು ಹಿಡಿದು ಬೇರು ಬಿಡುತ್ತದೆ. ಬರೀ ನೀರು ಹಾಕಿದರೆ ಜಗ್ಗುವುದಿಲ್ಲ.

"ಹಿಂದಿನ ಚಕ್ರ ಯಾಕೆ ಬೆಳ್ಳಗಿದೆ?" ಅಂತ ಕೇಳಿದೆ. ಕೇಳಬಾರದಿತ್ತು.

ಸಿಟಿ ಬಸ್ಸಿನ ಡ್ರೈವರು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಬೀಳುವುದಿಲ್ಲವಾ? ಕಾರಿನ ಭಾರವೂ ಹಾಗೇ ಮುಂದಕ್ಕೆ ಬೀಳುತ್ತದೆ. ಆದ್ದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದು. ಜೊತೆಗೆ ನಮ್ಮಂಥ ಸಣ್ಣ ಕಾರುಗಳಲ್ಲಿ ಹಿಂದೆ ಇರುವುದು ಡ್ರಮ್ ಬ್ರೇಕು. ಅದು ಮುಚ್ಚಳ ಹಾಕಿದ ಡಬ್ಬಿಯ ಹಾಗೆ. ಧೂಳು ಬಹುಪಾಲು ಒಳಗೇ ಉಳಿಯುತ್ತದೆ. ನನ್ನ ಎರಡು ಬಣ್ಣದ ಡಿಸೈನಿನ ಕಥೆ ಇಷ್ಟೇ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅವರು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಏರಿಸಿ, "ಇದು ನಿನ್ನ ಬಲಗಾಲಿನ ಜಾತಕ" ಅಂದರು. ನಾನು ಸುಮ್ಮಸುಮ್ಮನೆ ಬ್ರೇಕ್ ಒತ್ತುತ್ತೇನಂತೆ. ದೂರದಲ್ಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರು ತಾನಾಗೇ ನಿಧಾನ ಆಗುತ್ತದಂತೆ. ಯೂರೋಪಿನವರು 2024ರಲ್ಲಿ ಮಾಡಿದ ಯೂರೋ 7 ಅನ್ನುವ ವಾಹನ ಮಾಲಿನ್ಯದ ನಿಯಮದಲ್ಲಿ ಬ್ರೇಕಿನ ಧೂಳಿಗೂ ಮಿತಿ ಹಾಕಿದ್ದಾರಂತೆ, ಪೆಟ್ರೋಲ್ ಕಾರಾದರೆ ಗಾಳಿಗೆ ಹೋಗುವ ಸಣ್ಣ ಕಣಗಳು ಕಿಲೋಮೀಟರಿಗೆ 7 ಮಿಲಿಗ್ರಾಂ ದಾಟಬಾರದಂತೆ. "ನೀನು ಅಲ್ಲಿ ಇದ್ದಿದ್ದರೆ..." ಅಂತ ಶುರು ಮಾಡಿದರು. ನಮ್ಮ ಮನೆಯಿಂದ ಬ್ಯಾಂಕಿಗೆ ಹನ್ನೊಂದು ಹಂಪು, ಯೂರೋಪಿನಲ್ಲಿ ಇಷ್ಟಿದೆಯಾ ಅಂತ ಕೇಳಿದೆ. ಲೋಟ ಎತ್ತಿಕೊಂಡು ಒಳಗೆ ಹೋದರು.

ಆಯುಧ ಪೂಜೆಗೆ ಇನ್ನು ಹತ್ತು ದಿನ ಇತ್ತು. ಅಷ್ಟರೊಳಗೆ ನಾಲ್ಕೂ ಚಕ್ರ ಒಂದೇ ಬಣ್ಣಕ್ಕೆ ಬರಬೇಕು ಅಂತ ತೀರ್ಮಾನ ಮಾಡಿದೆ.

ಮೊದಲ ದಿನ ಪಾತ್ರೆ ತೊಳೆಯುವ ಸೋಪು, ಹಸಿರು ಸ್ಕ್ರಬ್ಬರು. ಮೇಲಿನ ಸಡಿಲ ಕೊಳೆ ಹೋಯಿತು. ಕೆಳಗೆ ಸಾಸಿವೆ ಸಿಡಿದ ಹಾಗೆ ಕಂದು ಚುಕ್ಕೆಗಳು ಹಾಗೇ ಕೂತಿದ್ದವು. ಇನ್ನೂ ಜೋರಾಗಿ ಉಜ್ಜಿದೆ. ಆಗ ಚುಕ್ಕೆ ಹೋಗಲಿಲ್ಲ, ಚುಕ್ಕೆಯ ಸುತ್ತ ಗೀರು ಬಂತು. ದೋಸೆ ಕಾವಲಿಗೆ ತೋರುವ ಪ್ರೀತಿಯನ್ನು ಅಲಾಯ್ ವೀಲಿಗೆ ತೋರಿಸಬಾರದು. ಚಕ್ರದ ಆ ಒಂದು ಕಡ್ಡಿಯಲ್ಲಿ ಇವತ್ತಿಗೂ ಬಿಸಿಲು ಬಿದ್ದರೆ ಜೇಡರ ಬಲೆ ಕಾಣುತ್ತದೆ.

ಎರಡನೇ ದಿನ ಅತ್ತೆಯ ಪ್ರವೇಶ. "ಏನಮ್ಮಾ ಅದು, ಮೂರು ದಿನದಿಂದ ಚಕ್ರದ ಮುಂದೆ ಕೂತಿದ್ದೀಯ?" ಅಂದರು. ಅವರ ಲೆಕ್ಕದಲ್ಲಿ ಎರಡು ದಿನ ಅನ್ನುವುದು ಇಲ್ಲ. ಹಬ್ಬಕ್ಕೆ ಮನೆಯ ಹಿತ್ತಾಳೆ ದೀಪ, ತಾಮ್ರದ ಚೊಂಬು ಎಲ್ಲ ಫಳಫಳ ಅನ್ನುವುದು ಅವರ ಕೈಯಿಂದ. ಒಂದು ಉಂಡೆ ಹುಣಸೆಹಣ್ಣು ನೆನೆಸಿ, ಕಲ್ಲುಪ್ಪು ಸೇರಿಸಿ ಕೊಟ್ಟರು. "ಇದಕ್ಕೆ ಬಗ್ಗದ ಕೊಳೆ ನಾನು ಇನ್ನೂ ನೋಡಿಲ್ಲ."

ಹುಣಸೆಯ ಹುಳಿಗೆ ತಾಮ್ರ, ಹಿತ್ತಾಳೆಯ ಕಿಲುಬು ಕರಗುತ್ತದೆ, ಸರಿ. ಆದರೆ ಅಲಾಯ್ ಅಂದರೆ ಅಲ್ಯೂಮಿನಿಯಂ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಲ್ಯಾಕರು. ಹುಣಸೆಗೆ ಅಲ್ಲಿ ಪರಿಚಯದವರೇ ಇಲ್ಲ. ಅರ್ಧ ಗಂಟೆ ತಿಕ್ಕಿದ ಮೇಲೆ ಕಾರಿನ ಹತ್ತಿರ ಸಾರಿನ ವಾಸನೆ ಬಂತು, ಅಷ್ಟೇ. ಬೆಳಿಗ್ಗೆ ನೋಡಿದರೆ ನಟ್ಟುಗಳ ಗುಳಿಯಲ್ಲಿ ಉಳಿದ ಹುಣಸೆ ನಾರಿಗೆ ಕಾಂಪೌಂಡಿನಿಂದ ಚಕ್ರದವರೆಗೆ ಕಟ್ಟಿರುವೆಯ ಸಾಲು. ಬಾಗಿಲು ತೆಗೆದರೆ ಸ್ಟಿಯರಿಂಗಿನ ಮೇಲೂ ನಾಲ್ಕು. ಅತ್ತೆ ಮಾತ್ರ ಸೋಲೊಪ್ಪಲಿಲ್ಲ. "ಹಳೇ ಹುಣಸೆ ಹಾಕಬೇಕಿತ್ತು. ಇದು ಹೊಸದು."

ಮೂರನೆಯವರು ಎದುರು ಮನೆಯ ಅಂಕಲ್. ನಾನು ಇರುವೆ ಒರೆಸುತ್ತಿದ್ದದ್ದನ್ನು ನೋಡಿ, ಕೈಯಲ್ಲೊಂದು ಬಾಟಲಿ ಹಿಡಿದು ರಸ್ತೆ ದಾಟಿ ಬಂದರು. ಬಾತ್‌ರೂಮ್ ಆಸಿಡ್. "ಒಂದ್ಸಲ ಸುರಿದು ನೀರು ಹಾಕಮ್ಮ, ಎರಡು ನಿಮಿಷದ ಕೆಲಸ. ನಾನು ನನ್ನ ಸ್ಕೂಟರಿಗೆ ಅದೇ ಹಾಕಿದ್ದು." ನಾನು ಅವರ ಸ್ಕೂಟರಿನ ಚಕ್ರದ ಕಡೆ ನೋಡಿದೆ. ಅದರ ಮೇಲೆ ಬಿಳಿ ತೊನ್ನಿನ ಹಾಗೆ ಮಚ್ಚೆಗಳು. ಅದು ಹುಟ್ಟಾ ಹಾಗೇ ಇತ್ತು ಅಂತ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಚಕ್ರದ ಬಣ್ಣದ ವಿಷಯದಲ್ಲಿ ನನ್ನ ತಿಳಿವಳಿಕೆಯನ್ನು ಯಾರೂ ನಂಬಬಾರದು.

ಮಗಳು ಪಿಯುಸಿ ಓದುತ್ತಿದ್ದಾಳೆ. ಹಳೆಯ ಅಲ್ಯೂಮಿನಿಯಂ ಮುಚ್ಚಳವೊಂದನ್ನು ಹಿತ್ತಲಲ್ಲಿಟ್ಟು, ಆ ಆಸಿಡ್ಡಿನ ನಾಲ್ಕು ಹನಿ ಹಾಕಿ, "ದೂರ ನಿಂತ್ಕೋ ಅಮ್ಮ" ಅಂದಳು. ಮೊದಲು ಏನೂ ಆಗಲಿಲ್ಲ. "ನೋಡಿದ್ಯಾ?" ಅಂತ ಅಂಕಲ್ ಮೀಸೆ ಸವರಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಬುಸ್ಸೆಂದು ನೊರೆ ಎದ್ದಿತು. ಅದು ಹೈಡ್ರೋಜನ್ ಅಂತೆ. ಮುಚ್ಚಳ ತೊಳೆದು ನೋಡಿದರೆ ಸಿಡುಬು ಬಂದ ಹಾಗಿತ್ತು. ಅಂಕಲ್ ತಮ್ಮ ಸ್ಕೂಟರನ್ನೇ ನೋಡುತ್ತಾ, ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಮನೆಗೆ ಹೋದರು. ಮುಚ್ಚಳಕ್ಕಾಗಿ ಅತ್ತೆ ಎರಡು ದಿನ ಮಾತು ಬಿಟ್ಟರು. ಅದು ಅವರ ಮದುವೆಯ ಕಾಲದ್ದಂತೆ. ನಮ್ಮ ಮನೆಯಲ್ಲಿ ಒಡೆದ, ಸೊಟ್ಟಾದ, ಕಳೆದುಹೋದ ಎಲ್ಲ ಪಾತ್ರೆಯೂ ಅವರ ಮದುವೆಯ ಕಾಲದ್ದೇ.

ಕೊನೆಗೆ ಮಗಳೇ ಫೋನಿನಲ್ಲಿ ಹುಡುಕಿ ಒಂದು ದ್ರಾವಣ ತರಿಸಿದಳು. ಕಬ್ಬಿಣದ ಪುಡಿಯನ್ನೇ ಕರಗಿಸುವಂಥದ್ದು. ನೀರಿನ ಹಾಗೆ ಕಾಣುತ್ತದೆ. ಚಕ್ರಕ್ಕೆ ಸಿಂಪಡಿಸಿದರೆ ಕಬ್ಬಿಣ ಇದ್ದಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿರುವುದು ಥಯೋಗ್ಲೈಕೋಲೇಟ್ ಅನ್ನುವ ಜಾತಿಯ ರಾಸಾಯನಿಕ. ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡಲು, ಕೂದಲು ತೆಗೆಯುವ ಕ್ರೀಮಿನಲ್ಲಿ ಬಳಸುವುದೂ ಅದನ್ನೇ. ವಾಸನೆಯ ಬಗ್ಗೆ ಬಾಟಲಿಯ ಮೇಲೆ ಏನೂ ಬರೆದಿರಲಿಲ್ಲ. ಬರೆದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ಕೊಳೆತ ಮೊಟ್ಟೆಯನ್ನು ಪಾರ್ಲರಿಗೆ ಕರೆದುಕೊಂಡು ಹೋದ ಹಾಗಿತ್ತು.

ಬಾಟಲಿಯ ಮೇಲೆ ಬರೆದದ್ದನ್ನೂ ನಾನು ಓದಲಿಲ್ಲ, ಅದು ಬೇರೆ ವಿಷಯ. ದೇವರಾಜ ಮಾರ್ಕೆಟ್ಟಿನಿಂದ ಹಬ್ಬದ ಹೂವು ತಂದವಳು, ಮಟಮಟ ಮಧ್ಯಾಹ್ನದಲ್ಲಿ, ಕಾದ ಚಕ್ರಕ್ಕೆ ಹಾಗೇ ಹೊಡೆದೆ. ನೋಡನೋಡುತ್ತಿದ್ದ ಹಾಗೆ ಒಣಗಿ ಕಲೆಯಾಯಿತು. ಆ ಕಲೆ ಬಿಡಿಸಲು ಇನ್ನೊಂದು ಸಲ ಹೊಡೆಯಬೇಕಾಯಿತು. ಚಕ್ರ ಕೈಗೆ ತಣ್ಣಗಿರಬೇಕು, ನೆರಳಲ್ಲಿರಬೇಕು, ಮೂರ್ನಾಲ್ಕು ನಿಮಿಷ ಬಿಟ್ಟು, ಒಣಗುವ ಮುಂಚೆ ಮೆತ್ತನೆಯ ಬ್ರಶ್ಶಿನಲ್ಲಿ ಉಜ್ಜಿ ನೀರು ಹೊಡೆಯಬೇಕು. ಕೈಗೆ ಗ್ಲೌಸು ಬೇಕು. ಒಣ ಧೂಳನ್ನು ಬಾಯಿಂದ ಊದಬಾರದು. ಇದು ಯಜಮಾನರ ಸೇರ್ಪಡೆ, ಹಳೆಯ ಕಾಲದ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತಂತೆ. ಈಗಿನದೂ ಶ್ವಾಸಕ್ಕೆ ಒಳ್ಳೆಯದಲ್ಲ.

ಇದನ್ನೆಲ್ಲ ಕಲಿತು ಎರಡನೇ ಸಲ ಶಿಸ್ತಾಗಿ ಮಾಡಿದ್ದು ದುರ್ಗಾಷ್ಟಮಿಯ ಸಂಜೆ. ಸಿಂಪಡಿಸಿ ನಿಂತೆ. ಒಂದು ನಿಮಿಷದಲ್ಲಿ ಕಡ್ಡಿಗಳ ಸಂದಿಯಿಂದ ನೇರಳೆಗೆಂಪು ಹನಿಗಳು ಇಳಿಯತೊಡಗಿದವು. ಮೂರನೇ ನಿಮಿಷಕ್ಕೆ ಧಾರೆಯಾಯಿತು. ಎಷ್ಟು ವರ್ಷದ ಬ್ರೇಕೋ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕೆಲ್ಲ ಕಣ್ಣೆದುರೇ ಹರಿದು ಹೋಗುತ್ತಿತ್ತು. ನನಗೋ ಪರಮಾನಂದ. ಆದರೆ ನಮ್ಮ ಗೇಟಿನ ಮುಂದೆ ಇಳಿಜಾರು ಇದೆ ಅನ್ನುವುದು ಮರೆತಿತ್ತು. ಆ ಕೆಂಪು ನೀರು ನೆಟ್ಟಗೆ ಇಳಿದು ಅತ್ತೆಯ ರಂಗೋಲಿಯ ನಡುವೆ ಸೇರಿಕೊಂಡಿತು.

ಅತ್ತೆ ದೀಪ ಹಿಡಿದು ಹೊರಗೆ ಬಂದರು. ಮೊದಲು ವಾಸನೆ ಬಂತು, ಆಮೇಲೆ ಬಣ್ಣ ಕಂಡಿತು. "ಅಷ್ಟಮಿ ದಿನ ಬಾಗಿಲಲ್ಲಿ ರಕ್ತ!" ಅಂತ ಅವರು ಕೂಗಿದ ಸದ್ದಿಗೆ ಬೀದಿಯ ಐದು ಮನೆಯ ಬಾಗಿಲು ತೆರೆದವು. ಎದುರು ಮನೆ ಅಂಕಲ್ ಹತ್ತಿರ ಬಂದು, ದನಿ ತಗ್ಗಿಸಿ, "ಏನಮ್ಮಾ, ನಿಮ್ಮಲ್ಲೂ ಕೋಳಿ ಗೀಳಿ ಕೊಡೋದುಂಟಾ?" ಅಂತ ಕೇಳಿದರು. ಬೂದುಗುಂಬಳಕಾಯಿ ಒಡೆಯುವಾಗಲೇ ಅತ್ತ ಮುಖ ತಿರುಗಿಸುವ ಮನೆ ನಮ್ಮದು. ಇದು ಕಬ್ಬಿಣ ಕರಗಿದ ಬಣ್ಣ ಅಂತ ಮಗಳು ಐದೂ ಮನೆಗೆ ಹೋಗಿ ಹೇಳಿ ಬಂದಳು. ಎಷ್ಟು ಮನೆಯವರು ನಂಬಿದರೋ ಗೊತ್ತಿಲ್ಲ. ಮರುದಿನದಿಂದ ಹೂವಿನವಳು ಹೂವನ್ನು ಗೇಟಿಗೇ ಸಿಕ್ಕಿಸಿ ಹೋಗುತ್ತಿದ್ದಾಳೆ.

ಆದರೆ ಚಕ್ರ! ನಾಲ್ಕೂ ಒಂದೇ ಬೆಳ್ಳಿ. ಬೀದಿ ದೀಪದಲ್ಲಿ ಮಿಂಚುತ್ತಿತ್ತು. ರಂಗೋಲಿಯ ಸಿಟ್ಟಿನಲ್ಲಿದ್ದ ಅತ್ತೆ ಕೂಡ ಒಂದು ಗಳಿಗೆ ನಿಂತು ನೋಡಿದರು. "ಚೆನ್ನಾಗೇನೋ ಇದೆ. ಇಷ್ಟು ಹೊಳೆದರೆ ದೃಷ್ಟಿ ಆಗತ್ತೆ."

ಬೆಳಿಗ್ಗೆ ಪೂಜೆಗೆ ಅಂತ ಕಾರನ್ನು ನಾಲ್ಕಡಿ ಹಿಂದಕ್ಕೆ ತೆಗೆದರೆ ಕರ್ರ್ ಅಂತ ಸದ್ದು. ನನ್ನ ಎದೆ ನಿಂತಿತು. ತೊಳೆಯುವ ಭರದಲ್ಲಿ ಬ್ರೇಕೇ ತೊಳೆದುಹೋಯಿತು ಅಂದುಕೊಂಡೆ. ರಾತ್ರಿ ನೀರು ಕುಡಿದ ಡಿಸ್ಕಿಗೆ ತೆಳ್ಳಗೆ ತುಕ್ಕು ಬಂದಿರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ ಅಂದರು ಇವರು. ಹೋಯಿತು. ಎಲ್ಲಿಗೆ ಹೋಯಿತು ಅಂತ ಮಾತ್ರ ನಾನು ಯೋಚನೆ ಮಾಡಲಿಲ್ಲ.

ಅತ್ತೆ ಹರಿಶಿನ ಕುಂಕುಮದ ಬಟ್ಟಲು ಹಿಡಿದು ಚಕ್ರದ ಹತ್ತಿರ ಬಂದಾಗ, "ಅತ್ತೆ, ಬಾನೆಟ್ಟಿಗೆ ಮಾತ್ರ ಸಾಕು" ಅಂತ ಗೋಗರೆದೆ. "ಆಯುಧ ಪೂಜೆ ದಿನ ಆಯುಧಕ್ಕೇ ಕುಂಕುಮ ಬೇಡ ಅಂತೀಯಾ?" ಅಂದರು. ಒಪ್ಪಂದ ಆಯಿತು: ಟೈರಿನ ರಬ್ಬರಿಗೆ ಕುಂಕುಮ, ಬೆಳ್ಳಿಗೆ ಇಲ್ಲ. ನಾಲ್ಕು ನಿಂಬೆಹಣ್ಣು ಚಕ್ರದಡಿ ಸೇರಿದವು. ಒಂದು ಪಚಕ್ ಅಂದು ನೇರ ಮುಂದಿನ ಚಕ್ರಕ್ಕೇ ಹಾರಿತು. ನಾನು ಸೆರಗಿನಲ್ಲಿ ಒರೆಸಿದೆ. ರೇಷ್ಮೆ ಸೀರೆ. ಇರಲಿ.

ಆಮೇಲೆ ಚಾಮುಂಡಿ ಬೆಟ್ಟ. "ಇವತ್ತು ನಾನು ಓಡಿಸ್ತೀನಿ, ಇಳಿಯುವಾಗ ಬ್ರೇಕ್ ಇಲ್ಲದೆ ಹೇಗೆ ಇಳಿಸೋದು ನೋಡು" ಅಂತ ಯಜಮಾನರು ಕೀ ತೆಗೆದುಕೊಂಡರು. ಹಬ್ಬದ ಜನ, ದರ್ಶನಕ್ಕೆ ಎರಡು ಗಂಟೆ. ಇಳಿಯುವಾಗ ಸೆಕೆಂಡ್ ಗೇರಿಗೆ ಹಾಕಿ, "ನೋಡು, ಇಂಜಿನ್ನೇ ಹಿಡಿದುಕೊಳ್ಳುತ್ತೆ" ಅಂದರು. ಮೊದಲ ತಿರುವಿನವರೆಗೆ ಹಿಡಿದುಕೊಂಡಿತು. ಮುಂದೆ ಬಾಳೆಕಂದು ಕಟ್ಟಿಕೊಂಡ ಒಂದು ಟೆಂಪೋ, ಅದರ ಮುಂದೆ ಬಸ್ಸು, ಪಕ್ಕದಲ್ಲಿ ನುಗ್ಗುವ ಬೈಕುಗಳು. ಮೇಷ್ಟ್ರ ಬಲಗಾಲು ಅಲ್ಲಿಂದ ಕೆಳಗಿನವರೆಗೆ ಬ್ರೇಕಿನ ಮೇಲಿಂದ ಏಳಲೇ ಇಲ್ಲ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. "ಟೆಂಪೋದ್ದು" ಅಂದರು. ಟೆಂಪೋ ಹೋದ ಮೇಲೂ ಬಂತು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ಮನೆಗೆ ಬಂದು ಇಳಿದವಳೇ ಮುಂದಿನ ಚಕ್ರದ ಹತ್ತಿರ ಕೂತೆ. ಬೆಳಗಿನ ಬೆಳ್ಳಿಯ ಮೇಲೆ ಆಗಲೇ ತೆಳುವಾದ ಬೂದು. ಒಂದು ಬೆರಳು ಎಳೆದು, ಕಪ್ಪಾದ ತುದಿಯನ್ನು ಯಜಮಾನರ ಮೂಗಿನ ಮುಂದೆ ಹಿಡಿದೆ. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಳ್ಳತೊಡಗಿದರು.

ಅತ್ತೆ ಬಂದು ನನ್ನ ಕೈ ಹಿಡಿದುಕೊಂಡು ಬೆರಳು ನೋಡಿದರು. ಅದೇ ಬೆರಳನ್ನು ಹಾಗೇ ಬಗ್ಗಿಸಿ ಬಾನೆಟ್ಟಿನ ಮೂಲೆಗೆ ಒಂದು ಚುಕ್ಕೆ ಇಡಿಸಿದರು.

"ದೃಷ್ಟಿಬೊಟ್ಟು," ಅಂದರು. "ಬಾ, ಊಟಕ್ಕೆ ಹೊತ್ತಾಯ್ತು."