ಹಿಂದಿನ ಸಾಲಿನ ತಲೆಗಳನ್ನು ಎಣಿಸುವ ಮುನ್ನ

1887ರಲ್ಲಿ ಲಂಡನ್ನಿನಲ್ಲಿ ನಡೆದ ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ಮೆರವಣಿಗೆಗೆ ಎಷ್ಟು ಜನ ಸೇರಿದ್ದರೆಂದು ಅಂದಾಜಿಸಲು ನಾನಿಲ್ಲಿ ವಿಮರ್ಶಿಸುತ್ತಿರುವ ಲೇಖನದ ಲೇಖಕರು ಸಚಿತ್ರ ವಾರಪತ್ರಿಕೆಗಳ ಮರಗೆತ್ತನೆಯ (ಮರದ ತುಂಡಿನ ಮೇಲೆ ಕೆತ್ತಿ ಮುದ್ರಿಸಿದ) ಚಿತ್ರಗಳನ್ನು ಛಾಯಾಚಿತ್ರಕ್ಕೆ ಸಮಾನವಾದ ಸಾಕ್ಷ್ಯವೆಂದು ಬಳಸಿರುವುದನ್ನು ಒಪ್ಪುವುದು ಕಷ್ಟ. ಈ ಚಿತ್ರಗಳನ್ನು ಕೆತ್ತುತ್ತಿದ್ದ ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಕಾಂಡ ಸಣ್ಣದಾದ್ದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಮೇಲೆ ಚಿತ್ರ ಮೂಡಿಸಿದ ನಂತರ ಅವನ್ನು ಬಿಡಿಸಿ, ವಾರದ ಗಡುವಿನೊಳಗೆ ಕೆಲಸ ಮುಗಿಯಲೆಂದು ಬೇರೆ ಬೇರೆ ಕೆತ್ತನೆಗಾರರಿಗೆ ಹಂಚುತ್ತಿದ್ದರು. ಇಂಥ ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಮುಂದಿನ ಸಾಲಿನವರಿಗೆ ಮೀಸೆ, ಟೋಪಿ, ಕೊಡೆ ಎಲ್ಲವೂ ಇರುತ್ತವೆ. ಹಿಂದೆ ಹೋದಂತೆ ಒಂದೇ ಬಗೆಯ ಅರ್ಧವೃತ್ತಗಳು, ಕೆಲವೆಡೆ ತುಂಡುಗಳು ಕೂಡುವಲ್ಲಿ ತೆಳ್ಳನೆಯ ಬಿಳಿ ಗೆರೆ. ಆ ಅರ್ಧವೃತ್ತಗಳು ಕೆತ್ತನೆಗಾರನ ಕೈಚಳಕ, ಅಷ್ಟೇ. ಇಂಥದೇ ಸಚಿತ್ರ ವಾರಪತ್ರಿಕೆಯಾದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ 1842ರ ಮೊದಲ ಸಂಚಿಕೆಯಲ್ಲಿಯೇ ಹ್ಯಾಂಬರ್ಗ್‌ನ ಬೆಂಕಿ ಅನಾಹುತವನ್ನು ತೋರಿಸಲು ಆ ನಗರದ ಹಳೆಯ ಚಿತ್ರವೊಂದಕ್ಕೆ ಜ್ವಾಲೆಗಳನ್ನು ಸೇರಿಸಿ ಮುದ್ರಿಸಿತ್ತೆಂಬುದನ್ನೂ (ಓದುಗರಾರೂ ದೂರಿದಂತೆ ಕಾಣೆ!) ಲೇಖನ ಮರೆತಿದೆ. ಬಾಲ್ಕನಿಗಳ ಅಲಂಕಾರ, ವೀಕ್ಷಕರಿಗೆ ಕಟ್ಟಿದ ಅಟ್ಟಣಿಗೆ, ಯಾರನ್ನು ಮುಂದೆ ನಿಲ್ಲಿಸಿ ಯಾರನ್ನು ಹಿಂದಿಟ್ಟರು ಎಂಬ ಪತ್ರಿಕೆಯ ಆಯ್ಕೆ, ಇವುಗಳಿಗೆ ಈ ಚಿತ್ರಗಳು ಅಮೂಲ್ಯವೇ ಸರಿ. ಜನರ ಸಂಖ್ಯೆ ಬೇಕಾದವರು ಮಾತ್ರ ರೈಲ್ವೆಯ ಮತ್ತು ಪೊಲೀಸರ ದಾಖಲೆಗಳತ್ತ ಹೋಗಬೇಕು.